ಕರಿಕಲ್ಲು ಸಾರ್

ಮದುವೆಮನೆಯಲ್ಲಿ ಅಡುಗೆಯವನ ಹೆಸರು ಯಾರಿಗೂ ಬೇಡ. ಆಮಂತ್ರಣ ಪತ್ರಿಕೆಯಲ್ಲಿ ಸೋದರಮಾವನ ಹಾಲುಗಲ್ಲದ ಮೊಮ್ಮಗಳ ಹೆಸರೂ ಇರುತ್ತದೆ, ವೇದಿಕೆಯ ಮೇಲೆ ಹೂವು ಕಟ್ಟಿದವನ ಹೆಸರಿಗೆ ಒಂದು ಬೋರ್ಡೇ ಇರುತ್ತದೆ. ಸಾವಿರ ಜನ ಉಂಡು, ಕೈ ತೊಳೆದು, ಸಾರು ಭಾರೀ ಚೆನ್ನಾಗಿತ್ತು ಎಂದು ಹೇಳುವುದು ಮಾತ್ರ ಹುಡುಗಿಯ ಅಪ್ಪನಿಗೆ. ಅವನೇನೋ ಒಲೆ ಮುಂದೆ ನಿಂತು ಬೆವರು ಸುರಿಸಿದವನ ಹಾಗೆ ಕೈ ಮುಗಿಯುತ್ತಾನೆ. ಇಪ್ಪತ್ತೆಂಟು ವರ್ಷದಿಂದ ಸಾಗರದ ಸುತ್ತಮುತ್ತ ಅಡುಗೆ ಮಾಡಿಕೊಂಡು ಬಂದ ನನ್ನ ಹೆಸರು ಶ್ರೀರಂಗ. ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಮೊದಲು ಹೇಳಿಬಿಟ್ಟೆ.

ನನಗೆ ಸಿಟ್ಟು ಜಾಸ್ತಿ. ಅದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡು ವರ್ಷದ ಹಿಂದೆ ಡಾಕ್ಟರು ನನ್ನ ಬಿಪಿ ನೋಡಿ, ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆ ಒಂದು ತಾಸು ಸುಮ್ಮನೆ ಕೂತುಕೊಳ್ಳಿ ಎಂದರು. ಸುಮ್ಮನೆ ಕೂರುವುದು ನನಗೆ ಗೊತ್ತಿಲ್ಲದ ವಿದ್ಯೆ. ಮಗಳು ದೀಪ್ತಿ ನನ್ನ ಫೋನಿಗೆ ‘ಬಾರ್ಡರ್ ಸೆವೆನ್’ ಎನ್ನುವ ಆಟ ಹಾಕಿಕೊಟ್ಟಳು. ಪುಕ್ಕಟೆ ಆಟ. ಸೈನಿಕರ ವೇಷ ಹಾಕಿಕೊಂಡು ಎರಡು ಪಂಗಡ ಒಂದು ಪಾಳು ಕಾರ್ಖಾನೆಯಲ್ಲಿ ಗುಂಡು ಹಾರಿಸಿಕೊಳ್ಳುವುದು, ಅಷ್ಟೇ. ಬಿಪಿ ಇಳಿಯಲಿ ಎಂದು ಹಾಕಿದ್ದು, ಏರಿತು.

ಮೊದಲ ವಾರ ನಾನು ಹುಟ್ಟಿದೆ, ಸತ್ತೆ, ಹುಟ್ಟಿದೆ, ಸತ್ತೆ. ಎಲ್ಲಿಯದೋ ದೊಡ್ಡ ಊರಿನ ಪಡ್ಡೆಗಳು ನಾವು ಸತ್ತು ಮತ್ತೆ ಹುಟ್ಟುವ ಜಾಗದಲ್ಲೇ ಕಾದು ಕೂತು ಹೊಡೆಯುತ್ತಿದ್ದರು. ಎದ್ದು ನಿಲ್ಲುವಷ್ಟು ಪುರುಸೊತ್ತೂ ಇಲ್ಲ. ನಾನು ಮೈಕಿನಲ್ಲಿ ಅವರ ಮೂರು ತಲೆಮಾರನ್ನು ಜಾಲಾಡುತ್ತಿದ್ದೆ. ಒಂದು ದಿನ ಹಾಗೆ ಬೈಯುತ್ತಿರುವಾಗ ಒಂದು ಹೆಣ್ಣುಸ್ವರ ಕೇಳಿತು. “ನಿಮ್ ಕನ್ನಡ ಕೇಳಿದ್ರೆ ನಮ್ ಕಡೆಯವ್ರೇ ಅನ್ಸ್ತದೆ. ನಮ್ಮ ರೂಮಿಗೆ ಬನ್ನಿ. ಅಲ್ಲಿ ಹೀಗೆಲ್ಲ ಹೊಡ್ಯಲ್ಲ.”

ಆ ರೂಮಿನ ಹೆಸರು ‘ಮೂರು ತಾಲೂಕು’. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮೂವತ್ತು ನಲವತ್ತು ಜನ. ಕರೆದವಳನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಗುಂಡು ಹಾರಿಸುವ ಆಟಕ್ಕೆ ಇಷ್ಟು ಮರ್ಯಾದೆ ಇರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಮತ್ತೆ ಹುಟ್ಟುವ ಜಾಗದಲ್ಲಿ ಯಾರೂ ಯಾರಿಗೂ ಹೊಡೆಯಬಾರದು. ಎರಡು ಸಲ ಕುಕ್ಕರಿಸಿ ಎದ್ದರೆ ನಮಸ್ಕಾರ ಎಂದೂ ಆಯಿತು, ಉಪಕಾರವಾಯಿತು ಎಂದೂ ಆಯಿತು. ನಮ್ಮವನು ಬಿದ್ದರೆ ಮೊದಲು ಅವನನ್ನು ಎತ್ತಬೇಕು, ಎದುರಾಳಿ ಆಮೇಲೆ. ಇಬ್ಬರ ಬಂದೂಕೂ ಖಾಲಿಯಾದರೆ ಚೂರಿ ಹಿಡಿದು ಅವರಿಬ್ಬರೇ ತೀರ್ಮಾನ ಮಾಡಿಕೊಳ್ಳಬೇಕು, ಮೂರನೆಯವನು ಪಕ್ಕಕ್ಕೆ ನಿಲ್ಲಬೇಕು. ಸೋತರೂ, ಮೈಯೆಲ್ಲ ಉರಿಯುತ್ತಿದ್ದರೂ, ಕೊನೆಗೆ ‘ಜಿಜಿ’ ಎಂದು ಬರೆದೇ ಹೊರಗೆ ಹೋಗಬೇಕು. ಒಳ್ಳೆಯ ಆಟ ಆಡಿದಿರಿ ಎಂದು ಅದರ ಅರ್ಥವಂತೆ. ನಾನು ಮೊದಮೊದಲು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೆ.

ಇವೆಲ್ಲ ಎಲ್ಲ ಕಡೆಯ ಒಳ್ಳೆಯ ಆಟಗಾರರೂ ಇಟ್ಟುಕೊಂಡಿರುವ ರೀತಿಗಳು. ನಮ್ಮ ರೂಮಿನದೇ ಆದವು ಎರಡಿದ್ದವು. ಒಂದು, ನೆಟ್ ಹೋದವನಿಗೆ ಹೊಡೆಯಬಾರದು. ನಮ್ಮ ಕಡೆ ಗಾಳಿ ಬೀಸಿದರೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಟವರು ಹೋಗುತ್ತದೆ. ಓಡುತ್ತಿದ್ದ ಸೈನಿಕ ಒಂದು ಕಾಲು ಎತ್ತಿಕೊಂಡು ಹಾಗೇ ನಿಂತುಬಿಡುತ್ತಾನೆ. ಅಂಥವನು ಕಂಡರೆ, ಎದುರು ಪಂಗಡದವನಾದರೂ ಸರಿ, ಅವನ ಪಕ್ಕ ಕಾವಲು ನಿಲ್ಲಬೇಕು. ಇದನ್ನು ನೋಡಿ ಹೊರಗಿನವರು ನಗುತ್ತಿದ್ದರು. ನಗಲಿ.

ಇನ್ನೊಂದು, ಹೆಸರು ಕೇಳಬಾರದು, ಊರು ಕೇಳಬಾರದು. ಇದು ನನಗೆ ಬಹಳ ಕಷ್ಟವಾಯಿತು. ಹೊಸಬರನ್ನು ಕಂಡರೆ ಯಾವ ಊರು, ಯಾರ ಮನೆ ಎಂದು ಕೇಳದೆ ನಮ್ಮ ಬಾಯಿ ಮುಚ್ಚುವುದಿಲ್ಲ. ಕೇಳಿದ್ದಕ್ಕೆ ಕ್ಯಾಪ್ಟನ್ ತಣ್ಣಗೆ ಹೇಳಿದಳು: “ಊರು ಕೇಳಿದ್ಮೇಲೆ ಮನೆ ಕೇಳ್ತೀರಿ, ಮನೆ ಕೇಳಿದ್ರೆ ಜಾತಿ ಗೊತ್ತಾಗ್ತದೆ. ಆಮೇಲೆ ಗುಂಡು ಎಲ್ರಿಗೂ ಒಂದೇ ತರ ಬೀಳಲ್ಲ.” ನನಗೆ ಆ ದಿನವೇ ಅವಳ ಮೇಲೆ ಗೌರವ ಹುಟ್ಟಿತು. ನಾನು ಅಲ್ಲಿ ‘ಸೌಟು’. ತೀರ್ಥಹಳ್ಳಿಯ ಮಾತಿನ ಧಾಟಿಯ ಒಬ್ಬ ‘ಘಾಟಿ’. ಬಹಳ ಚುರುಕಾದ ಒಬ್ಬ ‘ಮಿಡತೆ’, ಅವನನ್ನು ನಾನು ಲೋ ತಮ್ಮಾ ಎಂದೇ ಕರೆಯುತ್ತಿದ್ದೆ. ಮತ್ತೆ ಕರಿಕಲ್ಲು ಸಾರ್.

ಕರಿಕಲ್ಲು ಸಾರ್ ಬಗ್ಗೆ ಹೇಳಲು ಹೊರಟರೆ ನನ್ನ ಸಾರು ಉಕ್ಕಿ ಹೋದರೂ ಗೊತ್ತಾಗುವುದಿಲ್ಲ. ಆ ಆಟದಲ್ಲಿ ದುಡ್ಡು ಕೊಟ್ಟರೆ ಚಿನ್ನದ ಶಿರಸ್ತ್ರಾಣ, ಹುಲಿಪಟ್ಟೆಯ ಬಂದೂಕು ಏನು ಬೇಕಾದರೂ ಸಿಗುತ್ತದೆ. ಅವರು ಮೊದಲ ದಿನ ಪುಕ್ಕಟೆ ಕೊಡುವ ಬೋಳು ಹಸಿರು ಅಂಗಿಯಲ್ಲೇ ಇದ್ದರು. ಟೈರುಗಳ ರಾಶಿಯ ಹಿಂದೆ ಒಂಬತ್ತು ನಿಮಿಷ ಅಲುಗಾಡದೆ ಕೂತು, ಮೂರೇ ಮೂರು ಗುಂಡಿನಲ್ಲಿ ಮೂವರನ್ನು ಮಲಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಲಗಿದವರಲ್ಲಿ ನಾನೂ ಒಬ್ಬ. ಮಾತಿಲ್ಲ. ಅವರ ಹೆಸರಿನ ಎದುರು ಮೈಕಿನ ಗುರುತು ಸದಾ ಕೆಂಪು. ಒಂದು ಸಲ ನಮ್ಮಿಬ್ಬರದೂ ಒಂದೇ ಪಂಗಡ. ನಾನು ಗಾಯವಾಗಿ ಮದ್ದಿಲ್ಲದೆ ಒದ್ದಾಡುತ್ತಿದ್ದಾಗ ಅವರು ತಮ್ಮ ಮದ್ದಿನ ಚೀಲವನ್ನು ನನ್ನ ಎದುರು ಹಾಕಿ, ಎರಡು ಸಲ ಕುಕ್ಕರಿಸಿ ಎದ್ದು, ಸಾಯಲು ಹೋದರು. ಕಾಶ್ಮೀರದಲ್ಲಿ ಇದ್ದು ಬಂದ ಯಾರೋ ನಿವೃತ್ತ ಸುಬೇದಾರರೇ ಸೈ ಎಂದು ನಾನೂ ಘಾಟಿಯೂ ತೀರ್ಮಾನ ಮಾಡಿದ್ದೆವು. ಅದಕ್ಕೇ ಸಾರ್. ಅವರು ಬಿದ್ದರೆ ನಾನು ಜೀವದ ಹಂಗು ತೊರೆದು ಓಡಿ ಹೋಗಿ ಎತ್ತುತ್ತಿದ್ದೆ. “ಏಳಿ ಸಾರ್, ನಾನಿದ್ದೀನಿ” ಎನ್ನುತ್ತಿದ್ದೆ.

ಮೇ ತಿಂಗಳಲ್ಲಿ ಒಂದು ಸುದ್ದಿ ಬಂತು. ಸಾಗರದ ಒಂದು ಸಭಾಭವನದಲ್ಲಿ ಜಿಲ್ಲಾ ಮಟ್ಟದ ಪಂದ್ಯ, ಐದೈದು ಜನರ ತಂಡ, ಆಟಗಾರರ ಹೆಸರನ್ನು ಮೈಕಿನಲ್ಲಿ ಕೂಗಿ ಒಬ್ಬೊಬ್ಬರನ್ನೇ ವೇದಿಕೆಗೆ ಕರೆಯುತ್ತಾರಂತೆ. ನನಗೆ ಅವತ್ತಿನಿಂದ ಬೇರೆ ಯೋಚನೆಯೇ ಇಲ್ಲ. ಎಷ್ಟು ಸಭಾಭವನಗಳ ಹಿಂಬಾಗಿಲಿನಿಂದ ಪಾತ್ರೆ ಹೊತ್ತು ಒಳಗೆ ಹೋಗಿದ್ದೇನೆ, ಒಂದು ಸಲ ಮುಂಬಾಗಿಲಿನಿಂದ ಹೋಗಬೇಕು, ನನ್ನ ಹೆಸರು ಮೈಕಿನಲ್ಲಿ ಬರಬೇಕು, ದೀಪ್ತಿ ಕೂತು ಕೇಳಬೇಕು. ನಗುವವರು ನಗಲಿ, ನನಗೆ ಅದು ಬೇಕಿತ್ತು. ಕ್ಯಾಪ್ಟನ್ ನಾಲ್ಕು ಜನರನ್ನು ಆರಿಸಿದಳು. ಐದನೆಯ ಜಾಗಕ್ಕೆ ಉಳಿದವರು ಇಬ್ಬರು, ನಾನು ಮತ್ತು ಕರಿಕಲ್ಲು ಸಾರ್. ಭಾನುವಾರ ಮೂರು ಗಂಟೆಗೆ ಹತ್ತತ್ತು ಜನರ ಪಂದ್ಯ, ನಾವಿಬ್ಬರೂ ಎದುರುಬದುರು, ಒಬ್ಬರಿಗೆ ಒಂದೇ ಜೀವ. ನಮ್ಮಿಬ್ಬರಲ್ಲಿ ಯಾರು ಉಳಿಯುತ್ತಾರೋ ಅವರು ಐದನೆಯವರು ಎಂದು ಅವಳು ಹೇಳಿದಳು.

ಆ ಭಾನುವಾರ ಇಕ್ಕೇರಿ ರಸ್ತೆಯ ಸಭಾಭವನದಲ್ಲಿ ಮದುವೆ, ಸಂಜೆಗೆ ಅಲ್ಲೇ ಆರತಕ್ಷತೆ. ನನ್ನ ತಂಡ ಆರು ಜನ. ಬಡಿಸುವವರ ಮುಖಂಡ ಗಣೇಶಮೂರ್ತಿ, ಒಲೆಯ ಹತ್ತಿರ ಮೂವರು, ಪಾತ್ರೆಗೆ ಒಬ್ಬ, ತರಕಾರಿ ಹೆಚ್ಚಿ ಕಾಯಿ ತುರಿಯಲು ಮಹಾಲಕ್ಷ್ಮಿ. ಅವಳು ನನಗಿಂತ ಮೂರು ವರ್ಷ ಚಿಕ್ಕವಳು, ಗಂಡ ಇಲ್ಲ, ಹನ್ನೊಂದು ವರ್ಷದಿಂದ ನನ್ನ ಜೊತೆ ಕೆಲಸ. ಮಾತು ಕಡಿಮೆ. ಸಕ್ಕರೆ ಕಾಯಿಲೆ, ಬೆಳಿಗ್ಗೆ ಹೊಟ್ಟೆಗೆ ಸೂಜಿ ಚುಚ್ಚಿಕೊಂಡೇ ಕೆಲಸಕ್ಕೆ ಕೂರುತ್ತಾಳೆ. ತಿರುಗಿ ಮಾತಾಡದವರನ್ನು ಬೈಯುವುದು ಸುಲಭ, ಹಾಗಾಗಿ ದಿನದ ಬೈಗುಳದಲ್ಲಿ ಮುಕ್ಕಾಲು ಪಾಲು ಅವಳದ್ದು.

ಅವತ್ತು ಎಣಿಸಿದ್ದಕ್ಕಿಂತ ನೂರೈವತ್ತು ಜನ ಜಾಸ್ತಿ ಬಂದರು. ಮೂರನೆಯ ಪಂಕ್ತಿ ಏಳುವಾಗ ಎರಡೂವರೆ. ಅಡುಗೆಯವರು ಉಣ್ಣುವುದು ಎಲ್ಲರದಾದ ಮೇಲೆ, ಅದು ನಮ್ಮಲ್ಲಿ ಇರುವ ಕ್ರಮ. ಮಹಾಲಕ್ಷ್ಮಿ ಬಾಳೆಲೆ ಹುಡುಕುತ್ತಿದ್ದಳು. ನನ್ನ ತಲೆಯಲ್ಲಿ ಮೂರು ಗಂಟೆಯ ಪಂದ್ಯ. ಸಂಜೆಯ ಕೆಲಸ ಮುಗಿಸಿಟ್ಟರೆ ನಿಶ್ಚಿಂತೆಯಿಂದ ಆಡಬಹುದು ಎಂದುಕೊಂಡು ಕೂಗಿದೆ.

“ಏ ಮಾಲಕ್ಷ್ಮೀ, ಎಂತ ಹುಡುಕ್ತಿದ್ದೆ? ಮೊದ್ಲು ಸಂಜೆಗೆ ಕಾಯಿ ತುರಿದಿಡು. ಊಟ ಎಲ್ಲೂ ಓಡಿ ಹೋಗ್ತಿಲ್ಲೆ.”

ಅವಳು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಉಗ್ರಾಣಕ್ಕೆ ಹೋಗಿ ತುರಿಮಣೆಯ ಮೇಲೆ ಕೂತಳು.

ಮೂರಕ್ಕೆ ಸರಿಯಾಗಿ ನಾನು ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತೆ. ಒಂದು ಕಿವಿಗೆ ಮಾತ್ರ ಇಯರ್‌ಫೋನ್, ಇನ್ನೊಂದು ಕಿವಿ ಒಲೆಯ ಕಡೆಗೆ. ಕ್ಯಾಪ್ಟನ್ ಆಡುತ್ತಿರಲಿಲ್ಲ, ಮೇಲಿನಿಂದ ನೋಡುತ್ತಿದ್ದಳು. ನಾವೆಲ್ಲ ಕುಕ್ಕರಿಸಿ ಎದ್ದು ನಮಸ್ಕಾರ ಮಾಡಿಕೊಂಡೆವು. ಆಟ ಶುರುವಾಯಿತು.

ಹತ್ತು ನಿಮಿಷ ನಾನು ಚೆನ್ನಾಗಿಯೇ ಆಡಿದೆ. ಆಶ್ಚರ್ಯವೆಂದರೆ ಕರಿಕಲ್ಲು ಸಾರ್ ಆಟ ಕೆಟ್ಟಿತ್ತು. ಟೈರಿನ ರಾಶಿ ಬಿಟ್ಟು ಬಯಲಿಗೆ ಬಂದರು. ಗೋಡೆಗೆ ಮುಖ ಕೊಟ್ಟು ನಡೆಯುತ್ತಲೇ ಇದ್ದರು. ಆಕಾಶಕ್ಕೆ ಮೂರು ಗುಂಡು ಹಾರಿಸಿದರು. ನನ್ನನ್ನು ಹೊರಗೆಳೆಯಲು ಹೂಡಿದ ಉಪಾಯ ಎಂದು ನಾನು ಲಾರಿಯ ಹಿಂದಿನಿಂದ ಮೆಲ್ಲಗೆ ಮುಂದೆ ಹೋದೆ. ಅವರು ಅಂಗಳದ ನಡುವೆ ನಿಂತುಬಿಟ್ಟರು. ಬಂದೂಕಿನ ದುರ್ಬೀನಿನಲ್ಲಿ ಬೋಳು ಹಸಿರು ಅಂಗಿ ತುಂಬಿಕೊಂಡಿತ್ತು. ಬೆರಳು ಒತ್ತಿದರೆ ಐದನೆಯ ಜಾಗ ನನ್ನದು.

“ಸೌಟು, ನಿಲ್ಲಿ. ಹೊಡೀಬೇಡಿ,” ಎಂದಳು ಕ್ಯಾಪ್ಟನ್.

ನನಗೆ ರೇಗಿತು. “ಯಾಕೆ ನಿಲ್ಬೇಕು? ನೆಟ್ ಹೋಗಿದ್ರೆ ಕಾವಲು ನಿಲ್ತಿದ್ದೆ. ನೆಟ್ ಇದೆ, ನೋಡಿ, ಉಸಿರಾಡ್ತಿದಾರೆ.” ಅದು ನಿಜ. ನೆಟ್ ಹೋದ ಸೈನಿಕ ಕಲ್ಲಾಗಿ ನಿಲ್ಲುತ್ತಾನೆ. ಆಡುವವರು ಕೈ ಬಿಟ್ಟರೆ ಮಾತ್ರ ಸೈನಿಕ ಎದೆ ಏರಿಳಿಸುತ್ತ ನಿಲ್ಲುತ್ತಾನೆ. ಕೈ ಬಿಟ್ಟವನಿಗೆ ಹೊಡೆಯಬಾರದು ಎಂದು ಯಾವ ರೀತಿಯೂ ಇಲ್ಲ.

“ಗೊತ್ತು. ಅದಕ್ಕೇ ಹೇಳಿದ್ದು. ಆ ಮನುಷ್ಯ ನಮಸ್ಕಾರ ಮಾಡ್ದೆ ಒಂದು ದಿನಾನೂ ಕೈ ಬಿಟ್ಟು ಹೋದವ್ರಲ್ಲ.”

ಅಷ್ಟರಲ್ಲಿ ಎರಡು ವರ್ಷದಲ್ಲಿ ಆಗದ ಒಂದು ಸಂಗತಿ ಆಯಿತು. ಕರಿಕಲ್ಲು ಸಾರ್ ಹೆಸರಿನ ಎದುರಿನ ಕೆಂಪು ಗುರುತು ಹಸಿರಾಯಿತು. ಎಲ್ಲರೂ ಕಿವಿ ಕೊಟ್ಟೆವು. ಗೊರಗೊರ ಸದ್ದು. ಘಾಟಿ ನಕ್ಕುಬಿಟ್ಟ. “ಸಾರ್ ಮಲ್ಗಿಬಿಟ್ರಲ್ರೀ! ಭಾನುವಾರದ ಊಟ ಗಡದ್ದಾಗಿರ್ಬೇಕು.” ನಾನೂ ನಕ್ಕೆ.

“ಎಲ್ರೂ ಸುಮ್ನಿರಿ!” ಕ್ಯಾಪ್ಟನ್ ಸ್ವರ ಏರಿದ್ದು ಅದೇ ಮೊದಲು. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. “ಇದು ನಿದ್ದೆ ಅಲ್ಲ. ಎಚ್ಚರ ತಪ್ಪಿದವ್ರ ಉಸಿರು ಇದು. ಗೋಡೆಗೆ ಡಿಕ್ಕಿ ಹೊಡೀತಿದ್ರು, ಸುಮ್‌ಸುಮ್ನೆ ಗುಂಡು ಹಾರಿಸ್ತಿದ್ರು. ತಲೆ ಓಡ್ತಿರ್ಲಿಲ್ಲ ಅವ್ರಿಗೆ. ನಾನು ನರ್ಸು, ಇಂಥದ್ದು ನೋಡಿದೀನಿ. ಬೇಗ ಯಾರಾದ್ರೂ ಹೋಗಿ ನೋಡ್ಬೇಕು.”

ಹೋಗಿ ನೋಡುವುದು ಎಲ್ಲಿಗೆ? ಕರಿಕಲ್ಲು ಎಂದರೆ ಯಾರು, ಯಾವ ಊರು, ಫೋನ್ ನಂಬರೇನು, ಒಬ್ಬರಿಗೂ ಗೊತ್ತಿಲ್ಲ. ನಮ್ಮ ಹೆಮ್ಮೆಯ ರೀತಿಯೇ ನಮ್ಮ ಕಣ್ಣು ಕಟ್ಟಿತ್ತು. ಅವರಿಗೂ ನಮಗೂ ಉಳಿದದ್ದು ಆ ಹಸಿರು ಮೈಕು ಒಂದೇ. ಈಗ ನಾನು ಗುಂಡು ಹೊಡೆದಿದ್ದರೆ? ಒಂದೇ ಜೀವದ ಪಂದ್ಯದಲ್ಲಿ ಸತ್ತವರನ್ನು ಆಟವೇ ರೂಮಿನಿಂದ ಹೊರಗೆ ಹಾಕುತ್ತದೆ, ಮೈಕೂ ಸತ್ತುಹೋಗುತ್ತದೆ. ನನ್ನ ಬೆರಳು ಗುಂಡಿಯಿಂದ ಅರ್ಧ ಇಂಚು ಮೇಲಿತ್ತು.

ಆಟ ಮುಗಿಯಲು ಎರಡು ನಿಮಿಷ ಉಳಿದಿತ್ತು. ಮುಗಿದರೆ ರೂಮೇ ಮುಚ್ಚುತ್ತದೆ. ಕ್ಯಾಪ್ಟನ್ ಒಂದು ಕ್ಷಣವೂ ತಡಮಾಡಲಿಲ್ಲ. “ಬಾವುಟದ ವೃತ್ತದೊಳಗೆ ಎರಡೂ ಕಡೆಯವ್ರು ನಿಂತ್ಕೊಳ್ಳಿ. ಯಾರೂ ಹೊಡೀಬೇಡಿ.” ವೃತ್ತದಲ್ಲಿ ಎರಡೂ ಪಂಗಡ ಇರುವ ತನಕ ಸಮಯ ಮೀರಿದರೂ ಆಟ ಮುಗಿಯುವುದಿಲ್ಲ, ಎಳೆಯುತ್ತಲೇ ಇರುತ್ತದೆ. ಹಾಗೆ ಎಳೆದಾಗ ಒಬ್ಬರನ್ನೊಬ್ಬರು ಸಿಗಿದು ಹಾಕುತ್ತಿದ್ದವರು ಅವತ್ತು ಬಂದೂಕು ಇಳಿಸಿ ಹೆಗಲಿಗೆ ಹೆಗಲು ಕೊಟ್ಟು ನಿಂತರು. ನಾನು ಮಾತ್ರ ಸಾರ್ ಎದುರು ಗುರಿ ಹಿಡಿದಲ್ಲೇ ನಿಂತಿದ್ದೆ, ಬಂದೂಕು ಇಳಿಸುವುದು ಮರೆತೇಹೋಗಿತ್ತು. ಮೂರು ನಿಮಿಷ ಅಲುಗಾಡದವರನ್ನೂ ಆಟ ಹೊರಗೆ ಹಾಕುತ್ತದೆ. ಅದಕ್ಕೂ ಅವಳ ಹತ್ತಿರ ಉಪಾಯವಿತ್ತು. ಕರಿಕಲ್ಲು ಪಂಗಡದ ಇಬ್ಬರು ಆಚೆ ಈಚೆ ನಿಂತು ಅವರನ್ನು ಮೆಲ್ಲಗೆ ನೂಕುತ್ತ ಒಂದೊಂದು ಹೆಜ್ಜೆ ಸರಿಸತೊಡಗಿದರು. ಜ್ವರ ಬಂದವರನ್ನು ಬಚ್ಚಲಿಗೆ ನಡೆಸಿಕೊಂಡು ಹೋಗುವ ಹಾಗೆ. ಆ ಪುಕ್ಕಟೆ ಆಟವನ್ನು ಕಟ್ಟಿದವರು ಇಂಥದ್ದನ್ನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

“ಈಗ ಎಲ್ರೂ ಹೆಸ್ರು, ಊರು ಹೇಳಿ,” ಎಂದಳು ಕ್ಯಾಪ್ಟನ್. “ಯಾರು ಎಲ್ಲಿದೀವಿ ಅಂತ ಗೊತ್ತಾಗ್ಲಿ. ನಾನು ಸುಚಿತ್ರಾ, ಹೊಸನಗರ.”

ಎರಡು ವರ್ಷ ಮುಚ್ಚಿಟ್ಟಿದ್ದು ಒಂದೊಂದಾಗಿ ಹೊರಬಂತು. ಘಾಟಿ ಎಂದರೆ ರವೀಶ, ತೀರ್ಥಹಳ್ಳಿಯ ಬಸ್ ಏಜೆಂಟ್. ಕರಿಕಲ್ಲನ್ನು ನೂಕುತ್ತಿದ್ದವರಲ್ಲಿ ಒಬ್ಬಳು ಸ್ಪಂದನಾ, ಬಿ.ಎಡ್. ಓದುವ ಹುಡುಗಿ. ಇನ್ನೊಬ್ಬ ಶಿವು, ಮಾಸ್ತಿಕಟ್ಟೆಯಲ್ಲಿ ಮೋಟಾರು ರಿಪೇರಿ. ನಾನು ಲೋ ತಮ್ಮಾ ಎನ್ನುತ್ತಿದ್ದ ಮಿಡತೆ ಗಂಟಲು ಸರಿಮಾಡಿಕೊಂಡು, “ಮಂಜುನಾಥಪ್ಪ, ನಿವೃತ್ತ ಮುಖ್ಯೋಪಾಧ್ಯಾಯ, ಆನಂದಪುರದ ಹತ್ತಿರ” ಎಂದಾಗ ನನ್ನ ಮುಖ ಎಲ್ಲಿಡಲಿ ಎನಿಸಿತು. ನಾನೂ ಹೇಳಿದೆ. “ಶ್ರೀರಂಗ, ಅಡುಗೆಯವ. ಇಕ್ಕೇರಿ ರಸ್ತೆ ಸಭಾಭವನದಲ್ಲಿದೀನಿ.”

ಆಗಲೇ ಸಭಾಭವನದ ಮೈಕಿನಲ್ಲಿ ಯಾರೋ ಕೂಗಿದರು. ಗೇಟಿನ ಎದುರು ಅಡ್ಡ ನಿಲ್ಲಿಸಿದ ಬಿಳಿ ಕಾರನ್ನು ದಯವಿಟ್ಟು ತೆಗೆಯಬೇಕಂತೆ, ದಿಬ್ಬಣದ ಬಸ್ಸು ಹೊರಡಬೇಕಂತೆ. ಅದು ನನ್ನ ಬರಿಗಿವಿಗೂ ಕೇಳಿತು, ಇಯರ್‌ಫೋನಿನ ಕಿವಿಗೂ ಕೇಳಿತು. ಮೈಕು ತೆರೆದುಕೊಂಡು ಮದುವೆಮನೆಯಲ್ಲಿ ಕೂತವನು ಯಾರು ಎಂದು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಸುಚಿತ್ರಾ ಕೇಳಿದಳು. “ಬಿಳಿ ಕಾರು ಅಂದ್ರಲ್ಲ, ಅದು ಯಾರ ಮೈಕಲ್ಲಿ ಬಂತು? ಶ್ರೀರಂಗ ಅವ್ರೆ, ನಿಮ್ದಾ?”

“ನಂದೇ ಇರ್ಬೇಕು. ತಡೀರಿ.” ನನ್ನ ಮೈಕು ಮುಚ್ಚಿದೆ. ಕಾರಿನವನು ಬರಲಿಲ್ಲವಾದ್ದರಿಂದ ಹೊರಗೆ ಮತ್ತೊಮ್ಮೆ ಕೂಗಿದರು.

“ಈಗ್ಲೂ ಕೇಳ್ತು,” ಎಂದಳು ಅವಳು. “ಕರಿಕಲ್ಲು ಮೈಕಿಂದಾನೇ. ಶ್ರೀರಂಗ ಅವ್ರೆ, ಅವ್ರು ನಿಮ್ಮ ಮದುವೆಮನೇಲೇ ಇದಾರೆ!”

ಮದುವೆಗೆ ಬಂದ ಯಾರೋ ಹಿರಿಯರು, ಎಲ್ಲೋ ಮೂಲೆಯಲ್ಲಿ ಬಿದ್ದಿದ್ದಾರೆ. ಎಂಟುನೂರು ಜನರಲ್ಲಿ ಎಲ್ಲಿ ಹುಡುಕಲಿ? ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡೆ. ಗೊರಗೊರ ಉಸಿರಿನ ಹಿಂದೆ ಗುಡುಗುಡು ಎಂದು ಇನ್ನೊಂದು ಸದ್ದು ಒಂದೇ ಸಮನೆ ಇತ್ತು. ಆ ಸದ್ದು ನನಗೆ ಗೊತ್ತು. ಸಂಜೆಯ ನೀರುದೋಸೆಗೆ ಅಕ್ಕಿ ಹಾಕಿ ನಾನೇ ತಿರುಗಿಸಿ ಬಂದ ರುಬ್ಬುವ ಯಂತ್ರ ಅದು, ಅದಿರುವುದು ಉಗ್ರಾಣದಲ್ಲಿ. ಫೋನನ್ನು ಕಟ್ಟೆಯ ಮೇಲೆಯೇ ಬಿಟ್ಟು ಓಡಿದೆ.

ಉಗ್ರಾಣದಲ್ಲಿ ಯಾವ ಸುಬೇದಾರರೂ ಇರಲಿಲ್ಲ. ಅರ್ಧ ತುರಿದ ಕಾಯಿಯ ರಾಶಿಯ ಪಕ್ಕ, ಚೀಲಗಳಿಗೆ ಒರಗಿ, ಮಹಾಲಕ್ಷ್ಮಿ ಬಿದ್ದಿದ್ದಳು. ಮೈಯೆಲ್ಲ ಬೆವರು. ಕೆನ್ನೆಯ ಅಡಿಯಲ್ಲಿ ಫೋನು.

ಫೋನನ್ನು ಎಳೆದು ತೆಗೆದೆ. ಒಡೆದ ಗಾಜಿನ ಮೇಲೆ ಆಟ ನಡೆಯುತ್ತಲೇ ಇತ್ತು. ಪರದೆಯ ನಡುವೆ, ನೇರವಾಗಿ ಅವಳ ಕಡೆಗೆ ಬಂದೂಕು ಗುರಿಯಿಟ್ಟುಕೊಂಡು ಒಬ್ಬ ಸೈನಿಕ ನಿಂತಿದ್ದ. ಅವನ ತಲೆಯ ಮೇಲೆ ‘ಸೌಟು’ ಎಂದು ಬರೆದಿತ್ತು.

ನಾನು ಏನು ಕೂಗಿದೆನೋ ಗೊತ್ತಿಲ್ಲ. ಅವಳ ಇಯರ್‌ಫೋನಿನ ವೈರು ಕಿತ್ತಾಗ ಸುಚಿತ್ರಾಳ ಸ್ವರ ಹೊರಗೆ ಕೇಳಿತು. “ಸಿಕ್ಕಿದ್ರಾ? ಯಾರವ್ರು? ಸಕ್ಕರೆ ಕಾ...”

“ಸಕ್ಕರೆ ಕಾಯಿಲೆ! ನಮ್ಮ ಮಾಲಕ್ಷ್ಮಿ! ಬೆಳಿಗ್ಗೆ ಸೂಜಿ ತಗೊಂಡಿದಾಳೆ, ಮಧ್ಯಾಹ್ನ ಉಂಡಿಲ್ಲ. ನಾನೇ...”

“ಶುಗರ್ ಇಳಿದಿದೆ. ಏನೂ ಕುಡಿಸ್ಬೇಡಿ, ಉಸಿರುಗಟ್ತದೆ. ಒಂದು ಮಗ್ಗುಲಿಗೆ ಮಲಗ್ಸಿ. ಬೆಲ್ಲ, ಜೇನು ಏನಿದೆ ಹತ್ರ? ಬೆರಳಲ್ಲಿ ಚೂರೇ ಚೂರು ತಗೊಂಡು ಕೆನ್ನೆ ಒಳಗಡೆ ಸವರಿ. ಯಾರಿಗಾದ್ರೂ ಕಾರು ತರಕ್ಕೆ ಹೇಳಿ.”

ಕೈಯಳತೆಯಲ್ಲೇ ಜೇನಿನ ಹಾಗೆ ಹರಿಯುವ ಜೋನಿಬೆಲ್ಲದ ಡಬ್ಬಿಯಿತ್ತು. ಬೆರಳು ಅದ್ದಿ ಅವಳ ಕೆನ್ನೆಯೊಳಗೆ ಸವರಿದೆ, ಮತ್ತೆ ಅದ್ದಿದೆ, ಮತ್ತೆ ಸವರಿದೆ. ನನ್ನ ಕೂಗಿಗೆ ಗಣೇಶಮೂರ್ತಿ ಓಡಿ ಬಂದು, ನೋಡಿ, ಕಾರು ತರಲು ಓಡಿದ. ಸುಚಿತ್ರಾ ಒಂದೊಂದಾಗಿ ಕೇಳುತ್ತಲೇ ಇದ್ದಳು. ಉಸಿರು ಹೇಗಿದೆ, ತುಟಿ ನೀಲಿ ಆಗಿದೆಯಾ, ಕಣ್ಣು ಅಲುಗಾಡಿತಾ. ನಾನು ಉತ್ತರ ಹೇಳುತ್ತ ಅಳುತ್ತಿದ್ದೆ. ರೂಮಿನಲ್ಲಿ ಉಳಿದವರೆಲ್ಲ ಆ ಪಾಳು ಕಾರ್ಖಾನೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟೋ ಮದುವೆ ಮುಂಜಿಗಳ ಜನಸಂದಣಿ ನೋಡಿದ್ದೇನೆ, ಅಷ್ಟು ಒಳ್ಳೆಯ ಜನರನ್ನು ಒಟ್ಟಿಗೆ ಕಂಡಿದ್ದಿಲ್ಲ.

ಆರನೆಯ ಸಲವೋ ಏಳನೆಯ ಸಲವೋ ಸವರುವಾಗ ಅವಳು ನನ್ನ ಬೆರಳು ಕಚ್ಚಿದಳು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಕೈ ಕಚ್ಚಿಸಿಕೊಂಡಿಲ್ಲ.

“ಕಚ್ಚಿದ್ಲು!” ಎಂದು ಕೂಗಿದೆ. ಫೋನಿನೊಳಗಿನಿಂದ ಒಂದೇ ಸಲಕ್ಕೆ ಹೋ ಎಂಬ ಸದ್ದು ಬಂತು. ಮಂಜುನಾಥಪ್ಪ ಮೇಷ್ಟ್ರು ಮಕ್ಕಳ ಹಾಗೆ ಚಪ್ಪಾಳೆ ತಟ್ಟುತ್ತಿದ್ದರು.

ಸಾಗರದ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ಇನ್ನೂ ಅರ್ಧ ತಾಸು ಹಾಗೇ ಬಿದ್ದಿದ್ದರೆ ಹೇಳಲು ಬರುತ್ತಿರಲಿಲ್ಲ ಎಂದರು ಡಾಕ್ಟರು. ಐದೂವರೆಯ ಹೊತ್ತಿಗೆ ಅವಳು ದಿಂಬಿಗೆ ಒರಗಿ ಕೂತು, ಗಣೇಶಮೂರ್ತಿ ತಂದ ಇಡ್ಲಿ ತಿನ್ನುತ್ತಿದ್ದಳು. ನಾನು ಸ್ಟೂಲಿನ ಮೇಲೆ ಕೂತಿದ್ದೆ. ಬೈಗುಳ ಬಿಟ್ಟು ಅವಳ ಜೊತೆ ಹೇಗೆ ಮಾತು ಶುರು ಮಾಡುವುದು ಎಂದೇ ಗೊತ್ತಾಗಲಿಲ್ಲ. ಕೊನೆಗೆ ಫೋನಿಗೆ ಬಂದ ಸಂದೇಶವನ್ನೇ ನೆಪ ಮಾಡಿಕೊಂಡೆ.

“ಕ್ಯಾಪ್ಟನ್ ಕೇಳ್ತಿದ್ದು, ಐದನೆಯವರು ಯಾರು ಅಂತ. ಕರಿಕಲ್ಲು ಅಂತ ನಾನು ಬರದ್ದಿ.”

ಅವಳು ಇಡ್ಲಿ ತಿನ್ನುವುದನ್ನು ನಿಲ್ಲಿಸಿದಳು. “ನಿಂಗೆ ಬೇಕಿತ್ತಲಾ ಅದು. ರೂಮಲ್ಲಿ ನೀನೇ ಎಷ್ಟ್ ಸಲ ಹೇಳಿದ್ದೆ, ಹೆಸ್ರು ಕೂಗವು, ಮಗಳು ಕೇಳವು ಅಂತ.”

“ನಂಗೆ ಪಂದ್ಯದ ದಿನ ಮದುವೆ ಇದ್ದು, ಪುರುಸೊತ್ತಿಲ್ಲೆ.”

“ಆ ದಿನ ಮುಹೂರ್ತವೇ ಇಲ್ಲೆ, ಶ್ರೀರಂಗಣ್ಣ,” ಎಂದಳು ಅವಳು.

ನನಗೆ ನಗು ಬಂತು. ಎಲ್ಲ ಮದುವೆಗೂ ನನ್ನ ಜೊತೆ ಬರುವವಳ ಹತ್ತಿರ ಮುಹೂರ್ತದ ಸುಳ್ಳು ಹೇಳಿದ್ದೆ. “ಇಲ್ದಿದ್ರೆ ಇಲ್ಲೆ. ನೀನು ಗೋಡೆಗೆ ಡಿಕ್ಕಿ ಹೊಡೆದ ಆಟ ಲೆಕ್ಕಕ್ಕಿಲ್ಲೆ. ಬಾಕಿ ಎರಡು ವರ್ಷ ನಾನು ನೋಡಿದ್ದಿ. ನಿನ್ನಂಗೆ ಆಡವ್ರು ಮೂರು ತಾಲೂಕಲ್ಲಿ ಇಲ್ಲೆ.” ಹನ್ನೊಂದು ವರ್ಷದಲ್ಲಿ ನಾನು ಅವಳಿಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಮತ್ತೆ ಕೇಳಿದೆ. “ಸೌಟು ಅಂದ್ರೆ ನಾನು ಅಂತ ನಿಂಗೆ ಯಾವಾಗ ಗೊತ್ತಾತು?”

“ಮೊದ್ಲನೇ ದಿನವೇ. ನಿನ್ನ ಸ್ವರ ಯಾರಿಗೆ ಗೊತ್ತಾಗ್ತಿಲ್ಲೆ?”

ಎರಡು ವರ್ಷ! ನಾನು ಸಾರ್ ಸಾರ್ ಎಂದು ಹಿಂದೆ ಬಿದ್ದದ್ದು, ಬಿದ್ದಾಗ ಓಡಿ ಹೋಗಿ ಎತ್ತಿದ್ದು, ಎಲ್ಲವನ್ನೂ ಇವಳು ಮೂವತ್ತು ಹೆಜ್ಜೆ ದೂರದ ಉಗ್ರಾಣದಲ್ಲಿ ಕೂತು ಕೇಳಿಸಿಕೊಂಡಿದ್ದಾಳೆ. ಆಮೇಲೆ ಎದ್ದು ಬಂದು ನನ್ನ ಬೈಗುಳವನ್ನೂ ಕೇಳಿಸಿಕೊಂಡಿದ್ದಾಳೆ. ತನ್ನ ಮದ್ದಿನ ಚೀಲ ಕೊಟ್ಟದ್ದು ಕೂಡ ನಾನು ಯಾರೆಂದು ಗೊತ್ತಿದ್ದೇ.

“ಮತ್ತೆ ಎಂತಕ್ಕೆ ಹೇಳಿದ್ದಿಲ್ಲೆ, ಮಾರಾಯ್ತಿ? ಒಂದು ಮಾತು ಹೇಳಲಾಗಿತ್ತು.”

ಅವಳು ತಟ್ಟೆಯನ್ನು ಪಕ್ಕಕ್ಕಿಟ್ಟಳು. ಸಿಟ್ಟಿರಲಿಲ್ಲ, ತಮಾಷೆಯೂ ಇರಲಿಲ್ಲ.

“ಹೇಳಿದ್ರೆ, ಅಲ್ಲೂ ನೀನು ನಂಗೆ ಕಾಯಿ ತುರಿ ಅಂತಿದ್ದೆ.”

ಇಲ್ಲ ಎನ್ನಲು ಬಾಯಿ ತೆರೆದೆ. ಕಿಟಕಿಯಾಚೆ ಬಸ್ ಸ್ಟ್ಯಾಂಡಿನ ಗಲಾಟೆ ಕೇಳುತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಹೌದು ಎಂದೆ.